ನಲವತ್ತೊಂದನೆಯ ದಿನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಹೆರಿಗೆಯಾದ ಹೆಣ್ಣಿನ ಮೇಲೆ ಒಂದೇ ಹೊತ್ತಿಗೆ ಎರಡು ಕಟ್ಟಳೆಗಳು ನಡೆಯುತ್ತವೆ. ಒಂದು ಪುರುಡು. ಅದು ಕಳೆಯುವವರೆಗೆ ಅವಳು ದೇವರ ಮನೆಯ ಹೊಸಿಲು ದಾಟುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ಮನೆಯವರು ಗುಡಿಗೆ ಹಣ್ಣುಕಾಯಿ ಮಾಡಿಸುವಂತಿಲ್ಲ. ಇನ್ನೊಂದು ಬಾಣಂತನ. ಹಂಡೆಗಟ್ಟಲೆ ಸುಡುನೀರು, ಮೈಗೆಲ್ಲ ಎಣ್ಣೆ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು. ಮಂಡಿಗೆ ಹೋಗಬೇಕಾದ ಕೊಬ್ಬರಿಯಲ್ಲೇ ಒಳ್ಳೆಯದನ್ನು ಆರಿಸಿ, ಬೆಲ್ಲ ಅಂಟು ಸೇರಿಸಿ, ಅವಳಿಗಾಗಿ ಉಂಡೆ ಕಟ್ಟುತ್ತಾರೆ. ಶಾಸ್ತ್ರದ ಲೆಕ್ಕದಲ್ಲಿ ಆ ಮನೆಯಲ್ಲೇ ಅತಿ ಹೆಚ್ಚು ಮೈಲಿಗೆಯಾದವಳಿಗೆ ಆ ಮನೆಯಲ್ಲೇ ಅತಿ ಹೆಚ್ಚು ಆರೈಕೆ. ಈ ಎರಡೂ ಒಂದಕ್ಕೊಂದು ತಗುಲುತ್ತವೆ ಎಂದು ಯಾವ ಅಜ್ಜಿಗೂ ಅನ್ನಿಸಿಲ್ಲ. ಪುರುಡು ಅವಳು ಎಲ್ಲಿಗೆ ಹೋಗಬಾರದು ಎಂಬುದನ್ನು ಹೇಳುತ್ತದೆ, ಬಾಣಂತನ ಅವಳಿಗೆ ಏನು ಸಲ್ಲಬೇಕು ಎಂಬುದನ್ನು. ಮೈಲಿಗೆ ಇದೆ, ಆದ್ದರಿಂದ ನೀರು ಕಾಯಿಸಬೇಡಿ ಎಂದವರನ್ನು ನಮ್ಮ ಸೀಮೆ ಮನುಷ್ಯರ ಸಾಲಿನಲ್ಲಿ ಇಡುವುದಿಲ್ಲ. (ಬಾಣಂತನ ಎಲ್ಲರಿಗೂ ಸಮನಾಗಿ ಸಿಕ್ಕಿದೆ ಎಂದೇನೂ ಅಲ್ಲ. ಮೂರನೆಯ ಹೆಣ್ಣುಮಗು ಹೆತ್ತವಳ ಹಂಡೆ ಬೇಗ ತಣ್ಣಗಾಗುತ್ತದೆ. ಆದರೂ ಅದು ತಪ್ಪು ಎಂದು ಎಲ್ಲರಿಗೂ ಗೊತ್ತು.)

ಈ ಹಳೆಯ ತಿಳಿವಳಿಕೆಯನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ನೋಡಬೇಕಾಗಿದೆ. ಗಂಡೆಂದು ಹೆಸರಿಟ್ಟ ದೇಹದಲ್ಲಿ ಹುಟ್ಟಿ, ತಾನು ಹೆಣ್ಣೆಂದು ಅರಿತು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವಳು ನೋವು ಎಂದು ಆಸ್ಪತ್ರೆಯ ಬಾಗಿಲಿಗೆ ಬಂದಾಗ ಅವಳಿಗೆ ಸಲ್ಲಬೇಕಾದ್ದೇನು? ಅವಳು ಮಾಡಿಸಿಕೊಂಡದ್ದು ಧರ್ಮಸಮ್ಮತವೇ ಎಂಬುದು ಒಂದು ಪ್ರಶ್ನೆ. ಅದಾದ ಮೇಲೆ ಅವಳ ಗಾಯಕ್ಕೆ ನಾವು ಹೊಣೆಯೇ ಎಂಬುದು ಇನ್ನೊಂದು. ಎರಡನ್ನೂ ಕಲಸಿಟ್ಟಿರುವುದೇ ನಮ್ಮ ತಪ್ಪು ಎಂಬುದು ನನ್ನ ವಾದ. ಮೊದಲನೆಯದಕ್ಕೆ ನೀವು ಯಾವ ಉತ್ತರ ಕೊಟ್ಟರೂ ಎರಡನೆಯದರ ಉತ್ತರ ಬದಲಾಗುವುದಿಲ್ಲ. ಹೀಗೆಂದು ಹೇಳಲು ನನಗೆ ಹೊರಗಿನ ತತ್ವ ಬೇಕಿಲ್ಲ, ನಮ್ಮ ಮನೆಯ ಬಚ್ಚಲೊಲೆಯೇ ಸಾಕು.

ಮಂಗಳಮುಖಿಯರ ಜಮಾತುಗಳಲ್ಲಿ, ಅಂದರೆ ಗುರು ಮತ್ತು ಚೇಲಾಗಳು (ಶಿಷ್ಯೆಯರು) ಕೂಡಿ ಬಾಳುವ ಮನೆಗಳಲ್ಲಿ, ಈ ಶಸ್ತ್ರಕ್ರಿಯೆಗೆ ನಿರ್ವಾಣ ಎಂದು ಹೆಸರು. ಬೌದ್ಧರಲ್ಲಿ ಅದು ಆರಿಹೋಗುವುದು, ಕನ್ನಡದ ಮಾತಿನಲ್ಲಿ ಬತ್ತಲಾಗುವುದು ಕೂಡ. ನಿರ್ವಾಣದ ನಂತರ ನಲವತ್ತು ದಿನ ಅವಳನ್ನು ಒಳಗೆ ಇಡುತ್ತಾರೆ. ಬಿಸಿನೀರು, ಪಥ್ಯ, ಹೊರಗಿನವರ ಕಣ್ಣಿಗೆ ಬೀಳದಿರುವುದು, ಕನ್ನಡಿ ನೋಡದಿರುವುದು. ನಲವತ್ತು ತುಂಬಿದ ಮೇಲೆ ಅರಿಸಿನ ಹಚ್ಚಿ, ಮೀಯಿಸಿ, ತಮ್ಮ ದೇವತೆಯಾದ ಬಹುಚರಾ ಮಾತೆಯ ಪೂಜೆ ಮಾಡಿ, ಹೊಸ ಸೀರೆ ಉಡಿಸಿ ಹೊರಗೆ ಕರೆತರುತ್ತಾರೆ. ಎ. ರೇವತಿಯವರು 2010ರಲ್ಲಿ ಇಂಗ್ಲಿಷಿನಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಆ ದಿನಗಳನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ದು. ಸರಸ್ವತಿಯವರು ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಅದು ನಾಟಕವಾಗಿ ರಂಗಕ್ಕೂ ಏರಿತು. ಓದಿದವರಿಗೆ ತಟ್ಟನೆ ಹೊಳೆಯುವುದು ಇದು ಬಾಣಂತನದ್ದೇ ಅಚ್ಚು ಎಂಬ ಸಂಗತಿ. ಹೆತ್ತ ಮನೆ ಹೊರಗೆ ಹಾಕಿದವರು ತಮ್ಮತಮ್ಮಲ್ಲೇ ಒಂದು ತವರನ್ನು ಕಟ್ಟಿಕೊಂಡಿದ್ದಾರೆ. ಹಾಗೆಂದು ಅದನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ವೈದ್ಯರಿಲ್ಲದೆ, ಅರಿವಳಿಕೆಯಿಲ್ಲದೆ ಕತ್ತಿಯಿಂದ ನಡೆಯುತ್ತಿದ್ದ ನಿರ್ವಾಣಗಳಲ್ಲಿ ರಕ್ತ ಹೋಗಿ ಸತ್ತವರಿದ್ದಾರೆ. ಗುರು ಕೊಟ್ಟ ಖರ್ಚು ಚೇಲಾಳ ಹೆಗಲ ಮೇಲೆ ವರ್ಷಾನುಗಟ್ಟಲೆ ಸಾಲವಾಗಿ ಕೂರುವುದೂ ಉಂಟು. ಆದರೆ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲದಾಗ ನೋಡಿಕೊಂಡವರು ಅವರೇ.

ತೊಡಕಿರುವುದು ನಲವತ್ತೊಂದನೆಯ ದಿನದಿಂದ. ಸಂಪ್ರದಾಯಕ್ಕೆ ಅಲ್ಲಿಗೆ ಕೆಲಸ ಮುಗಿಯಿತು, ದೇಹಕ್ಕೆ ಮುಗಿಯುವುದಿಲ್ಲ. ಮೂತ್ರದ ದಾರಿ ಮೆಲ್ಲಮೆಲ್ಲನೆ ಕಿರಿದಾಗಿ ಒಂದು ರಾತ್ರಿ ಪೂರ್ತಿ ಕಟ್ಟಿಕೊಳ್ಳಬಹುದು, ಪದೇ ಪದೇ ಸೋಂಕು ಬರಬಹುದು. ಆಸ್ಪತ್ರೆಯಲ್ಲಿ ಯೋನಿಯನ್ನು ರೂಪಿಸಿಕೊಂಡವಳಾದರೆ ಅದು ಮುಚ್ಚಿಕೊಳ್ಳದಂತೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಹಲವು ಬಾರಿ, ಆಮೇಲೆ ಕಡಿಮೆ ಮಾಡುತ್ತ ವರ್ಷಗಳ ಕಾಲ ಡೈಲೇಟರ್ ಬಳಸಬೇಕು. ಅದಕ್ಕೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು, ಶುದ್ಧ ನೀರು ಬೇಕು. ಕರುಳಿಗೂ ಹೊಸ ದಾರಿಗೂ ನಡುವೆ ತೂತು ಬಿದ್ದರೆ ಮತ್ತೆ ಶಸ್ತ್ರಚಿಕಿತ್ಸೆ. ವೃಷಣ ತೆಗೆದ ಮೇಲೆ ದೇಹ ತಾನಾಗಿ ಹಾರ್ಮೋನು ತಯಾರಿಸುವುದು ತೀರಾ ಇಳಿದುಹೋಗುತ್ತದೆ. ಹೊರಗಿನಿಂದ ಈಸ್ಟ್ರೊಜೆನ್ ಕೊಡದಿದ್ದರೆ ಮೂಳೆ ಸವೆಯುತ್ತದೆ. ತಪಾಸಣೆಯಿಲ್ಲದೆ ಅಂಗಡಿಯಿಂದ ತಂದು ನುಂಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಪ್ರಾಸ್ಟೇಟ್ ಗ್ರಂಥಿ ಒಳಗೆ ಹಾಗೇ ಉಳಿದಿರುತ್ತದೆ, ವಯಸ್ಸಾದ ಮೇಲೆ ಅದನ್ನೂ ನೋಡಬೇಕು. ಇವೆಲ್ಲ ಅಪರೂಪದ ರೋಗಗಳಲ್ಲ. ಇವುಗಳಲ್ಲಿ ಹೆಚ್ಚಿನವನ್ನು ಮೊದಲು ಗುರುತಿಸಲು, ಮೊದಲ ರಾತ್ರಿ ಸಂಭಾಳಿಸಲು ಒಬ್ಬ ಎಂಬಿಬಿಎಸ್ ವೈದ್ಯ, ಒಬ್ಬ ನರ್ಸು, ಒಂದು ಕ್ಯಾತಿಟರ್ ಸಾಕು. ಶಸ್ತ್ರಚಿಕಿತ್ಸೆ ಬೆಂಗಳೂರಿನಂಥ ಊರಿನಲ್ಲಿ ನಡೆಯುತ್ತದೆ, ಮೂತ್ರ ಕಟ್ಟುವುದು ನೊಣವಿನಕೆರೆಯಲ್ಲೋ ಹುಳಿಯಾರಿನಲ್ಲೋ ರಾತ್ರಿ ಎರಡು ಗಂಟೆಗೆ. ತಿಪಟೂರಿನಿಂದ ಬೆಂಗಳೂರು ಸುಮಾರು ನೂರ ನಲವತ್ತು ಕಿಲೋಮೀಟರು.

ಆಸ್ಪತ್ರೆಯ ಬಾಗಿಲಲ್ಲಿ ಏನಾಗುತ್ತದೆ ಎಂಬುದಕ್ಕೆ ದೇಶದ ಎಲ್ಲೆಡೆ ಈ ಸಮುದಾಯದವರು ಹೇಳಿಕೊಂಡಿರುವ ಮಾತು ಬಹುಪಾಲು ಒಂದೇ. ಚೀಟಿ ಬರೆಯುವ ಕಡೆ ಹೆಸರು ಒಂದು, ಗುರುತಿನ ಚೀಟಿಯಲ್ಲಿ ಇನ್ನೊಂದು. ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಎಂಬ ಚರ್ಚೆ ಅವಳ ಮಂಚದ ಪಕ್ಕದಲ್ಲೇ ನಡೆಯುತ್ತದೆ. ಜ್ವರವೆಂದು ಬಂದವಳ ಸೀರೆ ಸರಿಸಿ ನೋಡುವ ಕುತೂಹಲ, ಕಲಿಯುವ ಹುಡುಗರನ್ನು ಕರೆದು ತೋರಿಸುವ ಉತ್ಸಾಹ. ಮಾಡಿಸಿಕೊಂಡ ಕಡೆಯೇ ಹೋಗಿ ಎಂಬ ಕೊನೆಯ ಮಾತು. ಅಲ್ಲಿಗೆ ಹೋದರೂ ಗೋಳು ಮುಗಿಯಬೇಕೆಂದಿಲ್ಲ. 2020ರಲ್ಲಿ ಕೊಚ್ಚಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅನನ್ಯಾ ಕುಮಾರಿ ಅಲೆಕ್ಸ್, ಕೇರಳದ ಮೊದಲ ಟ್ರಾನ್ಸ್‌ಜೆಂಡರ್ ರೇಡಿಯೋ ಜಾಕಿ ಎಂದು ಹೆಸರಾದವರು, ಒಂದು ವರ್ಷವಾದರೂ ಹೆಚ್ಚು ಹೊತ್ತು ನಿಲ್ಲಲಾಗದಷ್ಟು ನೋವಿದೆ, ಚಿಕಿತ್ಸೆಯಲ್ಲಿ ಲೋಪವಾಗಿದೆ ಎಂದು ಮಾಧ್ಯಮಗಳ ಮುಂದೆ ದೂರಿದರು. ಆಸ್ಪತ್ರೆ ಅದನ್ನು ಅಲ್ಲಗಳೆಯಿತು. 2021ರ ಜುಲೈ 20ರಂದು ಅವರು ತಮ್ಮ ಮನೆಯಲ್ಲಿ ಶವವಾಗಿ ಕಂಡರು. ಲೋಪ ಯಾರದು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಒಂದು ವರ್ಷ ಕಾಲ ನೋವು ನೋವು ಎಂದವಳ ಮಾತನ್ನು ಕೇಳಿಸಿಕೊಳ್ಳುವ ಒಂದು ಜಾಗ ಇರಲಿಲ್ಲ ಎಂಬುದಷ್ಟೇ ನನ್ನ ವಾದಕ್ಕೆ ಬೇಕಾದ್ದು.

ಕಾನೂನು ಹೇಳುವುದು ಸ್ಪಷ್ಟವಾಗಿದೆ. ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳ ಕುರಿತ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆಸ್ಪತ್ರೆಗಳಲ್ಲಿ ಈ ಜನಕ್ಕೆ ಚಿಕಿತ್ಸೆ ದೊರಕಿಸಿಕೊಡಿ ಎಂದು ಸರ್ಕಾರಗಳಿಗೆ ಆದೇಶಿಸಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ ಕಾಯ್ದೆಯ 15ನೇ ಸೆಕ್ಷನ್ ಶಸ್ತ್ರಚಿಕಿತ್ಸೆ, ಹಾರ್ಮೋನು, ಅದಕ್ಕೆ ಮುಂಚಿನ ಮತ್ತು ನಂತರದ ಆಪ್ತಸಲಹೆ, ವಿಮೆ, ವೈದ್ಯಕೀಯ ಪಠ್ಯದ ಪರಿಷ್ಕರಣೆ ಇಷ್ಟನ್ನೂ ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಮೊದಲು ಬರುವುದು ಎಚ್‌ಐವಿ ಕಣ್ಗಾವಲು ಕೇಂದ್ರ ಎಂಬುದನ್ನು ಗಮನಿಸಿ. ಉಪಕಾರ ಮಾಡಲು ಹೊರಟಾಗಲೂ ಕಾನೂನಿನ ಕಣ್ಣಿಗೆ ಮೊದಲು ಕಂಡದ್ದು ಅವಳಿಂದ ಬೇರೆಯವರಿಗೆ ಬರಬಹುದಾದ ಅಪಾಯ, ಅವಳಿಗೆ ಬಂದಿರುವ ನೋವು ಆಮೇಲೆ. 2022ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಟಿಜಿ ಪ್ಲಸ್ ಎಂಬ ಹೆಸರಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆಯೂ ಘೋಷಣೆಯಾಯಿತು. ಆದರೆ ಕಾನೂನು ಬಾಗಿಲನ್ನು ತೆರೆಸಬಹುದೇ ಹೊರತು ಒಳಗಿರುವವರ ಮುಖವನ್ನು ತಿರುಗಿಸಲಾರದು. ಆ ಮುಖ ತಿರುಗದಿರುವುದಕ್ಕೆ ಕಾರಣ ನಂಬಿಕೆಗಳು. ಆದ್ದರಿಂದ ವಾದವನ್ನು ನಂಬಿಕೆಯ ಅಂಗಳದಲ್ಲೇ ನಡೆಸಬೇಕು.

ಮೊದಲ ಆಕ್ಷೇಪ, ಅತಿ ಹೆಚ್ಚು ಕೇಳುವುದು: ತಾನೇ ಮಾಡಿಕೊಂಡದ್ದು, ತಾನೇ ಅನುಭವಿಸಲಿ. ಈ ಮಾತನ್ನು ತೆಂಗಿನ ಸೀಮೆಯಲ್ಲಿ ನಿಂತು ಹೇಳುವವರು ಸುತ್ತ ಒಮ್ಮೆ ನೋಡಬೇಕು. ತೋಟಕ್ಕೆ ರಾಗಿಯ ಬದಲು ತೆಂಗು ಹಾಕಿ ಎಂದು ಯಾರೂ ಯಾರನ್ನೂ ಬಲವಂತ ಮಾಡಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಇಳಿಯಿತು. ರೈತರು ಬೀದಿಗಿಳಿದರು, ನಾಫೆಡ್ ಮೂಲಕ ಕೊಬ್ಬರಿ ಕೊಳ್ಳಿ ಎಂದರು, ಮರುವರ್ಷಕ್ಕೆ ಬೆಂಬಲ ಬೆಲೆ 12,000 ಆಯಿತು. ನೀನೇ ಹಾಕಿದ ತೋಟ, ನೀನೇ ಅನುಭವಿಸು ಎಂದು ಆಗ ಯಾವ ಸ್ವಾಮೀಜಿಯೂ ಪ್ರವಚನ ಮಾಡಲಿಲ್ಲ. ಮಾಡಿದ್ದರೆ ಜನ ಸುಮ್ಮನೆ ಬಿಡುತ್ತಲೂ ಇರಲಿಲ್ಲ. ಮರ ಹತ್ತುವವನು ಕೂಲಿಗಾಗಿ ತಾನಾಗಿ ಹತ್ತುತ್ತಾನೆ, ಜಾರಿ ಬಿದ್ದು ಬೆನ್ನುಮೂಳೆ ಮುರಿದರೆ ಊರೇ ಹೊತ್ತುಕೊಂಡು ಆಸ್ಪತ್ರೆಗೆ ಓಡುತ್ತದೆ. ತೆಂಗು ಅಭಿವೃದ್ಧಿ ಮಂಡಳಿ ‘ಕೇರ ಸುರಕ್ಷಾ’ ಎಂಬ ಹೆಸರಿನಲ್ಲಿ ಅವನಿಗೆಂದೇ ಅಪಘಾತ ವಿಮೆ ಇಟ್ಟಿದೆ. ಬೀಡಿ ಸೇದಿದವನ ಎದೆಗೂ ಕುಡಿದವನ ಈಲಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಮಂಚ ಸಿಗುತ್ತದೆ. ಅಂದರೆ ತಾನೇ ಮಾಡಿಕೊಂಡದ್ದಕ್ಕೆ ಆರೈಕೆಯಿಲ್ಲ ಎಂಬ ತತ್ವವನ್ನು ನಾವು ಎಲ್ಲೂ ಪಾಲಿಸಿಲ್ಲ, ಒಬ್ಬಳ ಮುಂದೆ ಮಾತ್ರ ನೆನಪಿಸಿಕೊಳ್ಳುತ್ತೇವೆ. ಎಲ್ಲರಿಗೂ ಬಿಟ್ಟು ಒಬ್ಬರಿಗೆ ಮಾತ್ರ ಹಚ್ಚುವ ನಿಯಮಕ್ಕೆ ತತ್ವವೆಂಬ ಹೆಸರು ಸಲ್ಲದು. ಅದು ಅಸಹ್ಯ, ತತ್ವದ ಅಂಗಿ ತೊಟ್ಟು ಬಂದಿದೆ ಅಷ್ಟೆ.

ಇದಕ್ಕೆ ಮರುಮಾತು ಬರುತ್ತದೆ: ತೆಂಗು ಹಾಕುವುದು ಬದುಕಿನ ಅನಿವಾರ್ಯ, ಇದು ಚಪಲ. ಚಪಲ ಎನ್ನುವವರು ಅದರ ಬೆಲೆಯನ್ನು ಎಣಿಸಿಲ್ಲ. ಮನೆ, ಪಾಲು, ಊರು, ಹೆಸರು ಎಲ್ಲವನ್ನೂ ಕಳೆದುಕೊಂಡು, ಸಾಲ ಮಾಡಿ, ಸಾಯಬಹುದಾದ ಕತ್ತಿಗೆ ಮೈಯೊಡ್ಡುವುದನ್ನು ಚಪಲ ಎನ್ನಲು ಬರುವುದಿಲ್ಲ. ಆದರೆ ವಾದಕ್ಕಾಗಿ ಅದನ್ನೂ ಒಪ್ಪೋಣ. ಚಪಲವೇ ಆಗಿರಲಿ. ಕುಡಿದವನದೂ ಚಪಲವೇ, ಅವನಿಗೆ ಮಂಚ ಕೊಟ್ಟಿದ್ದೇವಲ್ಲ.

ಎರಡನೆಯ ಆಕ್ಷೇಪ ಶಾಸ್ತ್ರದ್ದು. ಇಂಥವರಿಗೆ ನಮ್ಮ ಗ್ರಂಥಗಳಲ್ಲಿ ಸ್ಥಾನವಿಲ್ಲ ಎನ್ನುತ್ತಾರೆ. ಸರಿ, ಗ್ರಂಥಗಳನ್ನೇ ತೆರೆಯೋಣ. ಅತ್ಯಂತ ಕಟುವಾದದ್ದನ್ನೇ ತೆಗೆದುಕೊಳ್ಳೋಣ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಕ್ಲೀಬರನ್ನು, ಅಂದರೆ ಗಂಡಸುತನವಿಲ್ಲದವರನ್ನು, ಪತಿತರನ್ನು, ಹುಟ್ಟುಕುರುಡರನ್ನು ಆಸ್ತಿಯ ಪಾಲಿನಿಂದ ಹೊರಗಿಡುತ್ತದೆ. ಅದರ ಮುಂದಿನ ಶ್ಲೋಕವೇ, ಪಾಲು ಪಡೆದವನು ಇವರೆಲ್ಲರಿಗೆ ಬದುಕಿರುವವರೆಗೆ ಅನ್ನ ಬಟ್ಟೆ ಕೊಡಬೇಕು, ಕೊಡದಿದ್ದರೆ ಅವನೇ ಪತಿತ ಎನ್ನುತ್ತದೆ. ಕಲಬುರಗಿ ಸೀಮೆಯ ಮರತೂರಿನವನೆಂದು ಹೇಳುವ ವಿಜ್ಞಾನೇಶ್ವರ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ಬರೆದ ಮಿತಾಕ್ಷರಾದಲ್ಲಿ ಇದನ್ನೇ ಮುಂದುವರಿಸುತ್ತಾನೆ. ಅಲ್ಲಿ ಇನ್ನೂ ಒಂದು ಮಾತಿದೆ: ಔಷಧ ಮೊದಲಾದವುಗಳಿಂದ ದೋಷ ನಿವಾರಣೆಯಾದರೆ, ಪಾಲಾದ ಮೇಲೆಯೂ ಅವನಿಗೆ ಭಾಗ ಸಲ್ಲುತ್ತದೆ. ಒಂಬತ್ತು ಶತಮಾನಗಳ ಹಿಂದೆ ಕನ್ನಡ ನೆಲದಲ್ಲಿ ಕೂತ ಒಬ್ಬ ಶಾಸ್ತ್ರಕಾರನಿಗೆ ಮನುಷ್ಯನ ದೇಹ ಚಿಕಿತ್ಸೆಯಿಂದ ಬದಲಾಗುತ್ತದೆ, ದೇಹ ಬದಲಾದರೆ ಹಕ್ಕೂ ಬದಲಾಗುತ್ತದೆ ಎಂಬುದು ಅಚ್ಚರಿಯ ಸಂಗತಿಯಾಗಿರಲಿಲ್ಲ. ಅವನು ಇವತ್ತಿನ ಶಸ್ತ್ರಚಿಕಿತ್ಸೆಯನ್ನು ಒಪ್ಪುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಅವನ ದೃಷ್ಟಿಯಲ್ಲಿ ಕ್ಲೀಬತ್ವವೇ ದೋಷ, ನಾನು ಅದನ್ನು ಒಪ್ಪುವುದೂ ಇಲ್ಲ. ಹಕ್ಕನ್ನು ಕಿತ್ತುಕೊಂಡ ಗ್ರಂಥಕ್ಕೂ ಪೋಷಣೆಯನ್ನು ಕಿತ್ತುಕೊಳ್ಳುವ ಧೈರ್ಯ ಬರಲಿಲ್ಲ ಎಂಬುದಷ್ಟೇ ಸಾಕ್ಷಿ.

ಬೌದ್ಧರ ವಿನಯಪಿಟಕದಲ್ಲೂ ಇದೇ ಕಾಣುತ್ತದೆ. ಮಹಾವಗ್ಗ ಪಂಡಕರಿಗೆ, ಅಂದರೆ ಗಂಡು ಹೆಣ್ಣಿನ ಲೆಕ್ಕಕ್ಕೆ ಸಿಗದವರಿಗೆ, ಭಿಕ್ಷು ದೀಕ್ಷೆ ಕೊಡಬಾರದು ಎನ್ನುತ್ತದೆ. ಅದೇ ಮಹಾವಗ್ಗದಲ್ಲಿ ಇನ್ನೊಂದು ಪ್ರಸಂಗ. ಭೇದಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಷುವನ್ನು ಬುದ್ಧ ಕಾಣುತ್ತಾನೆ. ಯಾರೂ ಯಾಕೆ ನೋಡಿಕೊಳ್ಳುತ್ತಿಲ್ಲ ಎಂದರೆ, ನನ್ನಿಂದ ಅವರಿಗೆ ಏನೂ ಉಪಯೋಗವಿಲ್ಲ ಎಂದು ರೋಗಿ ಹೇಳುತ್ತಾನೆ. ಆನಂದ ಮತ್ತು ಬುದ್ಧ ಇಬ್ಬರೇ ಅವನನ್ನು ತೊಳೆದು ಮಂಚಕ್ಕೆ ಎತ್ತುತ್ತಾರೆ. ಆಮೇಲೆ ಸಂಘವನ್ನು ಕರೆದು ಬುದ್ಧ ಹೇಳಿದ್ದರ ಸಾರ ಇಷ್ಟು: ನಿಮಗಿಲ್ಲಿ ತಾಯಿಯಿಲ್ಲ ತಂದೆಯಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುವರು, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ. ಈ ಮಾತನ್ನು ಜಮಾತಿನ ಮನೆಯೊಂದರಲ್ಲಿ ಓದಿದರೆ ಅದು ಎರಡೂವರೆ ಸಾವಿರ ವರ್ಷದ ಹಳೆಯದು ಎಂದು ಯಾರಿಗೂ ಅನ್ನಿಸಲಾರದು. ದೀಕ್ಷೆಗೆ ಯೋಗ್ಯತೆ ಕೇಳಿದ ಗ್ರಂಥ ಆರೈಕೆಗೆ ಯೋಗ್ಯತೆ ಕೇಳಲಿಲ್ಲ. ಉಪಯೋಗಕ್ಕೆ ಬರುವವನೇ ಎಂದು ಸಹ ಕೇಳಲಿಲ್ಲ. ಪುರುಡು ಬೇರೆ, ಬಾಣಂತನ ಬೇರೆ ಎಂದು ನಮ್ಮ ಅಜ್ಜಿಯರು ಹೇಳುವುದು ಇದನ್ನೇ. ಇಲ್ಲಿ ಒಂದು ಎಚ್ಚರ ಬೇಕು. ಅನ್ನ ಬಟ್ಟೆ ಕೊಟ್ಟು ಪಾಲು ಕೊಡದಿರುವುದನ್ನು ನಾನು ಆದರ್ಶವೆಂದು ಎತ್ತಿ ಹಿಡಿಯುತ್ತಿಲ್ಲ. ಸಮಾನತೆಯ ಮನೆಗೆ ಅದು ಪಾಯ ಮಾತ್ರ. ಆದರೆ ಇವತ್ತಿನ ಆಸ್ಪತ್ರೆ ಅವಳನ್ನು ವಾಪಸ್ ಕಳಿಸಿದಾಗ ನಾವು ಮನುವಿನ ಪಾಯಕ್ಕಿಂತಲೂ ಕೆಳಗೆ ಇಳಿದಿರುತ್ತೇವೆ.

ಮೂರನೆಯದು ನಿಜಕ್ಕೂ ಆಳವಾದ ಆಕ್ಷೇಪ, ಅದನ್ನು ಹಗುರವಾಗಿ ಕಾಣಲು ಬರುವುದಿಲ್ಲ. ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದು ಗಂಡು ಹೆಣ್ಣು ಎಂಬ ಗುರುತು ಮೈಮೇಲಿನದು, ಒಳಗೆ ಸುಳಿಯುವ ಆತ್ಮಕ್ಕೆ ಆ ಭೇದವಿಲ್ಲ ಎಂಬ ಅರ್ಥ ಕೊಡುತ್ತದೆ. ಮಂಗಳಮುಖಿಯರ ಪರ ಮಾತಾಡುವವರು ಇದನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ. ಪದ್ಮಶ್ರೀ ಮಂಜಮ್ಮ ಜೋಗತಿಯವರ ಜೀವನಕಥನದ ಹೆಸರಿನಲ್ಲೂ ಅದರ ನೆರಳಿದೆ. ಆದರೆ ಚುರುಕಾದ ಎದುರಾಳಿ ಹೀಗೆ ಕೇಳಬಹುದು: ಆತ್ಮಕ್ಕೆ ಲಿಂಗವಿಲ್ಲ ಎಂದ ಮೇಲೆ ದೇಹವನ್ನು ಕೊಯ್ಯಿಸಿಕೊಂಡು ಬದಲಿಸುವುದೇಕೆ? ಇರುವ ದೇಹದಲ್ಲೇ ಇದ್ದುಕೊಂಡು ಆತ್ಮವನ್ನು ಅರಿಯಬಾರದೇ? ಈ ಮಾತಿನಲ್ಲಿ ಒಂದು ಜಾಣತನವಿದೆ, ಒಂದು ಮೋಸವೂ ಇದೆ. ಆತ್ಮಕ್ಕೆ ಹಸಿವಿಲ್ಲ ಎಂದೂ ನಮ್ಮ ದರ್ಶನಗಳು ಹೇಳುತ್ತವೆ. ಹಾಗೆಂದು ಸಿದ್ಧಗಂಗೆಯಲ್ಲಿ ದಾಸೋಹದ ಒಲೆ ಆರಿಸಿದವರಿಲ್ಲ. ಆತ್ಮಕ್ಕೆ ಲಿಂಗವಿಲ್ಲ ಎಂಬುದು ನೋಡುವವನಿಗೆ ಹೇಳಿದ ಮಾತು, ಮೈ ನೋಡಿ ಅಳೆಯಬೇಡ ಎಂದು. ನೋಯುವವಳಿಗೆ ಅದನ್ನು ತಿರುಗಿಸಿ ಹೇಳಿದರೆ ಅನ್ನ ಕೇಳಿದವನಿಗೆ ಆತ್ಮಜ್ಞಾನ ಬಡಿಸಿದಂತೆ.

ಇದನ್ನು ಇನ್ನೂ ಬಿಡಿಸಿ ಹೇಳಲು ಈ ಸೀಮೆಯಲ್ಲೇ ಒಂದು ದೃಷ್ಟಾಂತ ಇದೆ. ಇಲ್ಲಿ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪನ್ನು ತಾನೇ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಚಿಪ್ಪು ಒಡೆದರೆ ಉಂಡೆ ಇಡಿಯಾಗಿ ಹೊರಬರುತ್ತದೆ. ಜ್ಞಾನಿಯಲ್ಲಿ ದೇಹದಿಂದ ಆತ್ಮ ಬಿಟ್ಟುಕೊಂಡಿರುವುದನ್ನು ಶ್ರೀರಾಮಕೃಷ್ಣ ಪರಮಹಂಸರು ಈ ಒಣ ತೆಂಗಿಗೇ ಹೋಲಿಸುತ್ತಿದ್ದರು. ಅವರು ಅದರ ಇನ್ನೊಂದು ಮಗ್ಗುಲನ್ನೂ ಹೇಳಿದರು: ಹಸಿ ಕಾಯಿಯಲ್ಲಿ ಕಾಯಿಗೂ ಚಿಪ್ಪಿಗೂ ಅಂಟು ಬಿಟ್ಟಿರುವುದಿಲ್ಲ. ತಿಪಟೂರಿನವರಿಗೆ ಇದು ವೇದಾಂತವಲ್ಲ, ದಿನದ ಕೆಲಸ. ಹಸಿ ಕಾಯಿಯ ಚಿಪ್ಪಿಗೆ ಬಿದ್ದ ಏಟು ಒಳಗಿನ ಕಾಯಿಗೂ ಬೀಳುತ್ತದೆ. ನಮ್ಮಲ್ಲಿ ಬಹುತೇಕರು ಹಸಿ ಕಾಯಿಗಳೇ. ದೇಹದ ನೋವು ನಮಗೆ ಇಡೀ ನೋವು. ಒಬ್ಬಳಿಗೆ ಮಾತ್ರ ನೀನು ಒಣಗಿದ ಕೊಬ್ಬರಿಯಂತಿರು, ಚಿಪ್ಪಿನ ಚಿಂತೆ ಬಿಡು ಎನ್ನುವವನು ತನ್ನ ಹಲ್ಲುನೋವಿಗೆ ಎಲ್ಲಿಗೆ ಓಡುತ್ತಾನೆ ಎಂಬುದನ್ನು ನೋಡಿದರೆ ಸಾಕು. ದೇವರು ಕೊಟ್ಟ ದೇಹವನ್ನು ಮುಟ್ಟಬಾರದು ಎಂಬುದಕ್ಕೂ ಉತ್ತರ ಹತ್ತಿರದಲ್ಲೇ ಇದೆ. ಕಿವಿ ಚುಚ್ಚುತ್ತೇವೆ, ಹಚ್ಚೆ ಹಾಕಿಸುತ್ತೇವೆ, ಗರ್ಭಕೋಶ ತೆಗೆಸುತ್ತೇವೆ, ಸಂತಾನ ಸಾಕೆಂದು ಆಪರೇಷನ್ ಮಾಡಿಸುತ್ತೇವೆ. ಮೈಯನ್ನು ಶರಣರು ಗುಡಿ ಎಂದು ಕಂಡರು ನಿಜ. ಗುಡಿಗೆ ನಾವು ಜೀರ್ಣೋದ್ಧಾರವನ್ನೂ ಮಾಡುತ್ತೇವೆ, ಮಾಡಿದ ಮೇಲೆ ಸೋರುವ ಮಾಡನ್ನು ದಾರಿಹೋಕರ ಪಾಲಿಗೆ ಬಿಟ್ಟು ಬರುವುದಿಲ್ಲ.

ಕರ್ಮದ ವಾದಕ್ಕೆ ಹೆಚ್ಚು ಜಾಗ ಬೇಡ. ಅವಳ ನೋವು ಅವಳ ಪ್ರಾರಬ್ಧವಾದರೆ ಊರಿನ ಎಲ್ಲ ಆಸ್ಪತ್ರೆಗಳಿಗೂ ಬೀಗ ಹಾಕಬೇಕು. ಅವಳು ಬಾಗಿಲಿಗೆ ಬಂದಾಗ ನಾನು ಏನು ಮಾಡಿದೆ ಎಂಬುದು ನನ್ನ ಕರ್ಮದ ಲೆಕ್ಕ. ಅವಳ ಲೆಕ್ಕದ ಪುಸ್ತಕ ನನ್ನ ಕೈಗೆ ಯಾರೂ ಕೊಟ್ಟಿಲ್ಲ.

ಉಳಿದದ್ದು ವೈದ್ಯರ ಎರಡು ಮಾತು. ನನ್ನ ಧರ್ಮಕ್ಕೆ, ನನ್ನ ಮನಸ್ಸಾಕ್ಷಿಗೆ ಇದು ಒಗ್ಗದು ಎನ್ನುವ ವೈದ್ಯನಿಗೆ ಆ ಶಸ್ತ್ರಚಿಕಿತ್ಸೆಯನ್ನು ನಾನು ಮಾಡೆ ಎನ್ನುವ ಹಕ್ಕಿದೆ ಎಂದು ಒಪ್ಪಿಕೊಳ್ಳಲು ನಾನು ಸಿದ್ಧ. ಆದರೆ ರಕ್ತ ಸೋರುತ್ತಿರುವವಳನ್ನು ಮುಟ್ಟೆ ಎನ್ನುವ ಹಕ್ಕು ಯಾವ ಮನಸ್ಸಾಕ್ಷಿಗೂ ಇಲ್ಲ. ತುರ್ತಿನಲ್ಲಿ ಬಂದವರ ಜೀವ ಉಳಿಸುವುದು ಪ್ರತಿ ವೈದ್ಯನ ಕರ್ತವ್ಯ ಎಂದು ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಅದಕ್ಕೂ ಬಹಳ ಮುಂಚೆ ಹಳ್ಳಿಯ ಸೂಲಗಿತ್ತಿಗೆ ಅದು ಗೊತ್ತಿತ್ತು. ಮದುವೆಯಾಗದೆ ಬಸುರಾದವಳ ಹೆರಿಗೆಗೂ ಅವಳು ಹೋಗುತ್ತಿದ್ದಳು. ಬೈದುಕೊಂಡು ಹೋಗುತ್ತಿದ್ದಿರಬಹುದು, ಆದರೆ ಹೋಗುತ್ತಿದ್ದಳು. ಎರಡನೆಯ ಮಾತು ಅನುಕೂಲದ್ದು: ತಾಲ್ಲೂಕು ಆಸ್ಪತ್ರೆಯಲ್ಲಿ ಇರುವವರಿಗೇ ವೈದ್ಯರು ಸಾಲದು, ಎಲ್ಲೋ ನಾಲ್ಕು ಜನಕ್ಕಾಗಿ ಸಿದ್ಧತೆ ಯಾಕೆ? ಇದು ಪ್ರಾಮಾಣಿಕವಾದ ಕಷ್ಟ, ಸುಳ್ಳಲ್ಲ. ಆದರೆ ತೋಟಗಳಲ್ಲಿ ಹಾವು ಕಚ್ಚಿಸಿಕೊಳ್ಳುವವರೂ ದಿನಕ್ಕೆ ನೂರು ಜನ ಇರುವುದಿಲ್ಲ, ವಿಷಕ್ಕೆ ಮದ್ದು ಇಟ್ಟಿರುತ್ತೇವೆ. ಇಲ್ಲಿ ಬೇಕಿರುವುದು ಅಷ್ಟು ದುಬಾರಿಯೂ ಅಲ್ಲ. ಮೇಲೆ ಹೇಳಿದಂತೆ ಕ್ಯಾತಿಟರ್ ಇದೆ, ಆಂಟಿಬಯಾಟಿಕ್ ಇದೆ, ಮೂಳೆಯ ಮಾತ್ರೆ ಇದೆ. ಇಲ್ಲದಿರುವುದು ತಿಳಿವಳಿಕೆ. ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ನಡೆದ ಪ್ರಕರಣದ ನಂತರ, 2021ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಈ ಸಮುದಾಯಗಳನ್ನು ಹೀನವಾಗಿ ಚಿತ್ರಿಸುವ ಪಾಠಗಳನ್ನು ಒಪ್ಪಬೇಡಿ ಎಂದು ಕಾಲೇಜುಗಳಿಗೆ, ಪುಸ್ತಕ ಬರೆಯುವವರಿಗೆ ಸೂಚಿಸಿತು. ಅದಕ್ಕೆ ಮುಂಚೆ ಓದಿ ಬಂದ ವೈದ್ಯರೇ ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಿನವರು.

ನಾವು ಪೂಜಿಸುತ್ತೇವಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅರ್ಧನಾರೀಶ್ವರನಿದ್ದಾನೆ, ಎಲ್ಲಮ್ಮನ ಜೋಗತಿಯರಿದ್ದಾರೆ, ಬೃಹನ್ನಳೆ ಇದ್ದಾಳೆ. ಬೃಹನ್ನಳೆಯ ಕಥೆಯನ್ನು ಪೂರ್ತಿ ಓದಿದವರು ಕಡಿಮೆ. ವಿರಾಟರಾಜ ಅವಳ ನಾಟ್ಯ ಸಂಗೀತ ನೋಡಿ ಮೆಚ್ಚಿದ ಮೇಲೂ, ಗಂಡಲ್ಲ ಎಂಬುದನ್ನು ಖಚಿತಪಡಿಸಿಕೊಂಡೇ ಅಂತಃಪುರಕ್ಕೆ ಬಿಡುತ್ತಾನೆ. ವೈದ್ಯಕೀಯ ಪ್ರಮಾಣಪತ್ರದ ಹಂಗು ಅಷ್ಟು ಹಳೆಯದು! ಆದರೂ ಖಚಿತವಾದ ಮೇಲೆ ಒಂದು ವರ್ಷ ಅನ್ನ, ನೆರಳು, ಕೆಲಸ, ಮರ್ಯಾದೆ ಎಲ್ಲವನ್ನೂ ಕೊಟ್ಟ. ನಾವು ಖಚಿತಪಡಿಸಿಕೊಳ್ಳುವುದನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಹರಸಿಸಿಕೊಳ್ಳಲು ಮಂಗಳಮುಖಿಯ ಕೈ ನಮ್ಮ ತಲೆಯ ಮೇಲೆ ಬರಬೇಕು, ನಾಡಿ ಹಿಡಿದು ನೋಡಲು ಮಾತ್ರ ಅದೇ ಕೈ ಬೇಡ. ಪೂಜೆ ಆರೈಕೆಗೆ ಬದಲಿಯಾಗಲಾರದು. ಎಷ್ಟೋ ಸಲ ಪೂಜೆಯೇ ಆರೈಕೆಯನ್ನು ತಪ್ಪಿಸಿಕೊಳ್ಳುವ ಸುಲಭದ ದಾರಿ, ದೇವರೆಂದು ಕರೆದವರಿಗೆ ಜ್ವರ ಬರುವುದಿಲ್ಲವಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಮಠಗಳ ಮಾತಿಗೆ ಆಸ್ಪತ್ರೆಯ ಸುತ್ತೋಲೆಗಿಂತ ಹೆಚ್ಚು ತೂಕವಿದೆ. ನೊಣವಿನಕೆರೆಯ ಕಾಡಸಿದ್ಧೇಶ್ವರ ಮಠವಿದೆ, ಕೆರೆಗೋಡಿ ರಂಗಾಪುರದ ಮಠವಿದೆ, ಗೋಡೆಕೆರೆಯಲ್ಲಿ ಸಿದ್ಧರಾಮನ ನೆಲೆಯಿದೆ. ಕೆರೆ ಕಟ್ಟಿಸುವುದನ್ನೇ ತಪಸ್ಸು ಮಾಡಿಕೊಂಡವನು ಸಿದ್ಧರಾಮ, ನೀರು ಕುಡಿಯಲು ಬಂದವರು ಯಾರು ಎಂದು ಕೆರೆ ಕೇಳುವುದಿಲ್ಲ ಎಂದು ಅವನ ಒಕ್ಕಲಿಗೆ ಬಿಡಿಸಿ ಹೇಳಬೇಕಿಲ್ಲ. ಶಸ್ತ್ರಚಿಕಿತ್ಸೆ ಸರಿಯೋ ತಪ್ಪೋ ಎಂಬುದರ ಬಗ್ಗೆ ಸ್ವಾಮೀಜಿಗಳು ಇವತ್ತೇ ಒಂದು ನಿಲುವಿಗೆ ಬರಬೇಕೆಂದು ನಾನು ಕೇಳುತ್ತಿಲ್ಲ. ಆ ಚರ್ಚೆ ನಡೆಯಲಿ, ಬೇಕಾದಷ್ಟು ವರ್ಷ ನಡೆಯಲಿ. ಈ ಸೀಮೆಯಲ್ಲಿ ಮುಂದಿನ ಜಾತ್ರೆಗೋ ಪುಣ್ಯಸ್ಮರಣೆಗೋ ಉಚಿತ ಆರೋಗ್ಯ ಶಿಬಿರ ನಡೆಸುವವರು ತಮ್ಮ ಕರಪತ್ರದಲ್ಲಿ ಕಣ್ಣು, ಹಲ್ಲು, ಸಕ್ಕರೆ ಕಾಯಿಲೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಅಚ್ಚು ಹಾಕಿಸಲಿ: ಮಂಗಳಮುಖಿಯರಿಗೂ ಇಲ್ಲಿ ತಪಾಸಣೆ ಇದೆ, ಪ್ರತ್ಯೇಕ ಕೋಣೆ ಇದೆ, ಬನ್ನಿ.